ಸೂರ್ಯನ ಮೇಲಿನ ಕಣ್ಣು ತೆಗೆಯದಿರುವುದು ಹೇಗೆ: ಸೌರ ಟೆಲಿಸ್ಕೋಪ್ ಜಾಲ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದೇ ಊರಿನಲ್ಲಿ ನಿಂತು ಸೂರ್ಯನನ್ನು ಅಳೆಯುವವರಿಗೆ ದಿನಾ ಸಂಜೆ ಅದೇ ತೊಂದರೆ. ಸೂರ್ಯ ಮುಳುಗುತ್ತಾನೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ನಿನ್ನೆಯ ಸಣ್ಣ ಸೌರಕಲೆ ದೊಡ್ಡದಾಗಿರುತ್ತದೆ, ಇಲ್ಲವೇ ಅಂಚಿನಲ್ಲಿ ತೂಗುತ್ತಿದ್ದ ಅನಿಲದ ಕಮಾನು ಕಿತ್ತುಹೋಗಿರುತ್ತದೆ. ರಾತ್ರಿ ಏನಾಯಿತು ಅಂತ ಹೇಳುವವರು ಯಾರೂ ಇಲ್ಲ. ಆ ರಾತ್ರಿಯನ್ನು ತುಂಬುವುದಕ್ಕೇ ಜಾಲ ಬೇಕು. ನಾವು ಮುಚ್ಚುವ ಹೊತ್ತಿಗೆ ಇನ್ನೊಬ್ಬರು ತೆರೆದಿರಬೇಕು, ಅವರು ಮುಚ್ಚುವ ಹೊತ್ತಿಗೆ ಮತ್ತೊಬ್ಬರು.

ಈ ಬರಹದಲ್ಲಿ ನಾನು ಹಿಡಿದುಕೊಂಡಿರುವ ಉದಾಹರಣೆ ಗಾಂಗ್ ಜಾಲ. ಪೂರ್ತಿ ಹೆಸರು ಗ್ಲೋಬಲ್ ಆಸಿಲೇಷನ್ ನೆಟ್‌ವರ್ಕ್ ಗ್ರೂಪ್. ಅಮೆರಿಕದ ರಾಷ್ಟ್ರೀಯ ಸೌರ ವೀಕ್ಷಣಾಲಯ ನಡೆಸುವ ಇದು 1995ರಲ್ಲಿ ಪೂರ್ತಿಯಾಗಿ ಶುರುವಾಯಿತು. ಆರು ಕೇಂದ್ರಗಳು: ಕ್ಯಾಲಿಫೋರ್ನಿಯಾದ ಬಿಗ್ ಬೇರ್, ಹವಾಯಿಯ ಮೌನಾ ಲೋವಾ, ಪಶ್ಚಿಮ ಆಸ್ಟ್ರೇಲಿಯಾದ ಲರ್ಮಂತ್, ನಮ್ಮ ಉದಯಪುರ, ಸ್ಪೇನಿನ ಕೆನರಿ ದ್ವೀಪಗಳ ಟೆನೆರಿಫ್, ಚಿಲಿಯ ಸೆರೊ ಟೊಲೊಲೊ. ಮೂರು ವರ್ಷ ನಡೆದರೆ ಸಾಕು ಅಂತ ಯೋಚಿಸಿ ಕಟ್ಟಿದ ಜಾಲ ಇದು. ಸುಮಾರು ಮೂರು ದಶಕ ನಡೆದಿದೆ. ಅಷ್ಟು ಕಾಲ ನಿಂತಿದ್ದು ಯಂತ್ರದ ಜಾಣತನದಿಂದ ಮಾತ್ರ ಅಲ್ಲ. ದಿನದಿನದ ಪಾಲನೆಯಿಂದ. ಅದರ ಬಗ್ಗೆಯೇ ನನಗೆ ಹೇಳಬೇಕಾಗಿರುವುದು.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಯೋಗ್ಯ ಫಿಲ್ಟರ್ ಇಲ್ಲದ ಯಾವ ಲೆನ್ಸಿನ ಹಿಂದೆಯೂ ಕಣ್ಣಿಡಬೇಡಿ. ಪಕ್ಕದ ಚಿಕ್ಕ ಫೈಂಡರ್ ಟೆಲಿಸ್ಕೋಪ್ ಇದ್ದರೆ ಅದನ್ನು ಬಿಚ್ಚಿ ಇಡಿ, ಇಲ್ಲವೇ ಮುಚ್ಚಿ ಟೇಪ್ ಹಾಕಿ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ. ಸುಟ್ಟ ಮೇಲೆ ತಿಳಿಯುತ್ತದೆ, ಅಷ್ಟೇ.

ತೂತು ಅಂದರೆ ಏನು, ಅದು ಯಾಕೆ ಕೆಟ್ಟದ್ದು

ದಾಖಲೆಯಲ್ಲಿ ಬಿಟ್ಟುಹೋದ ಹೊತ್ತನ್ನು ನಾನು ತೂತು ಅಂತ ಕರೆಯುತ್ತೇನೆ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ ಅನ್ನುವುದು 1960ರ ದಶಕದ ಶುರುವಿನಲ್ಲಿ ರಾಬರ್ಟ್ ಲೇಟನ್ ಮತ್ತು ಅವರ ಜೊತೆಗಾರರಿಂದ ಗೊತ್ತಾಯಿತು. ಸೂರ್ಯನ ಒಳಗೆ ಓಡಾಡುವ ಶಬ್ದದ ಅಲೆಗಳೇ ಇದಕ್ಕೆ ಕಾರಣ. ಗಂಟೆಯ ನಾದ ಕೇಳಿ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವ ಹಾಗೆ, ಈ ಅಲೆಗಳ ಶ್ರುತಿಯಿಂದ ಸೂರ್ಯನ ಒಳಗನ್ನು ತಿಳಿಯಬಹುದು. ಆದರೆ ದಿನಕ್ಕೆ ಹನ್ನೆರಡು ಗಂಟೆ ಯಾರೋ ಕಿವಿ ಮುಚ್ಚಿದರೆ? ಆಗ ಪ್ರತಿ ನಿಜವಾದ ಶ್ರುತಿಯ ಎರಡೂ ಪಕ್ಕದಲ್ಲಿ 11.6 ಮೈಕ್ರೊಹರ್ಟ್ಸ್ ದೂರದಲ್ಲಿ ಸುಳ್ಳು ಶ್ರುತಿಗಳು ಕಾಣಿಸಿಕೊಳ್ಳುತ್ತವೆ. ದಿನಕ್ಕೊಂದು ಸಲ ಅನ್ನುವುದನ್ನು ಸೆಕೆಂಡಿನ ಲೆಕ್ಕಕ್ಕೆ ತಂದರೆ ಬರುವ ಸಂಖ್ಯೆ ಅದೇ. ಸಾವಿರಾರು ಶ್ರುತಿಗಳಿರುವ ಕಡೆ ಯಾವುದು ನಿಜ, ಯಾವುದು ನಮ್ಮ ರಾತ್ರಿ ಹುಟ್ಟಿಸಿದ್ದು ಅಂತ ಬಿಡಿಸುವುದು ಬಹಳ ಕಷ್ಟ.

ಇನ್ನೊಂದು ಕಾರಣ ಎಲ್ಲರಿಗೂ ತಟ್ಟುವಂಥದ್ದು. ಸೌರಜ್ವಾಲೆ ಕೆಲವೇ ನಿಮಿಷಗಳಲ್ಲಿ ಹೊತ್ತಿ ಉರಿಯುತ್ತದೆ. ಅದರ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಬರುತ್ತದೆ, ಜೊತೆಗೆ ಹೊರಟ ಅನಿಲದ ಮೋಡ ಬರುವುದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಇಂಥ ಹೊಡೆತಕ್ಕೆ ವಿದ್ಯುತ್ ಹೋಗಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2024ರ ಮೇ ತಿಂಗಳಲ್ಲಿ ಬಂದ ಸೌರ ಬಿರುಗಾಳಿಯ ಕೆಂಪು ಬೆಳಕು ಲಡಾಖಿನ ಹಾನ್ಲೆಯಲ್ಲೂ ಕಂಡಿತು. ಅಲ್ಲಿರುವ ವೀಕ್ಷಣಾಲಯ ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಗಾಂಗ್ ಚಿತ್ರಗಳನ್ನು ಈಗ ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ದಿನಾ ಬಳಸುತ್ತದೆ. ಹಾಗಾಗಿ ನಿಮ್ಮ ತೂತಿನಲ್ಲೇ ಜ್ವಾಲೆ ಎದ್ದರೆ, ಅದು ಬರೀ ಒಂದು ಪ್ರಬಂಧದ ನಷ್ಟ ಅಲ್ಲ.

ಹಂತ 1: ಒಂದೇ ಯಂತ್ರ, ಆರು ಪ್ರತಿ

ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಒಂದು ಕಡೆ ಇರುವ ಹಳೇ ಟೆಲಿಸ್ಕೋಪ್, ಇನ್ನೊಂದು ಕಡೆ ಯಾರೋ ಕೊಟ್ಟ ಕ್ಯಾಮೆರಾ, ಮೂರನೇ ಕಡೆ ಬೇರೆ ಫಿಲ್ಟರ್. ಜೋಡಿಸಿ ಜಾಲ ಅಂತ ಹೆಸರಿಡುತ್ತಾರೆ. ಆಮೇಲೆ ಮೂರು ಕೇಂದ್ರಗಳು ಮೂರು ಬೇರೆ ಸೂರ್ಯರನ್ನು ತೋರಿಸುತ್ತವೆ. ಹಾಗೆ ಮಾಡಬೇಡಿ. ಏನು ಅಳೆಯಬೇಕು ಅಂತ ಮೊದಲು ತೀರ್ಮಾನಿಸಿ. ಮೇಲ್ಮೈಯ ವೇಗವೋ, ಕಾಂತಕ್ಷೇತ್ರವೋ, ಹೈಡ್ರೋಜನ್ ಆಲ್ಫಾ ಬೆಳಕಿನ (ಹೈಡ್ರೋಜನ್ ಹೊಮ್ಮಿಸುವ ಒಂದು ಕೆಂಪು ಬಣ್ಣ) ಚಿತ್ರವೋ, ಸುಮ್ನೆ ಸೌರಕಲೆಗಳ ಎಣಿಕೆಯೋ. ಆಮೇಲೆ ಒಂದು ಯಂತ್ರ ಮಾಡಿ, ಅದರ ಎಲ್ಲ ತಪ್ಪುಗಳನ್ನೂ ಒಂದೇ ಕಡೆ ಕೂತು ಕಂಡುಕೊಳ್ಳಿ, ನಂತರವೇ ಪ್ರತಿ ತೆಗೆಯಿರಿ.

ದೊಡ್ಡ ಲೆನ್ಸ್ ಬೇಕು ಅಂತ ಅಂದುಕೊಳ್ಳಬೇಡಿ. ಗಾಂಗ್ ವೇಗ ಅಳೆಯುವುದು ಬರೀ 2.8 ಸೆಂಟಿಮೀಟರ್ ಅಗಲದ ಕಿಂಡಿಯಿಂದ. ಸೂರ್ಯನ ಬೆಳಕಿಗೆ ಬರ ಇಲ್ಲ, ಅಲ್ವಾ? ಪೂರ್ತಿ ಬಿಂಬ ಒಂದೇ ಚಿತ್ರದಲ್ಲಿ ಬರಬೇಕು, ದಿನವೂ ಒಂದೇ ಥರ ಬರಬೇಕು. 676.8 ನ್ಯಾನೊಮೀಟರಿನ ನಿಕಲ್ ರೇಖೆಯಲ್ಲಿ (ನಿಕಲ್ ಹೀರುವ ಒಂದು ಬಣ್ಣದಲ್ಲಿ) ನಿಮಿಷಕ್ಕೊಂದು ವೇಗದ ನಕ್ಷೆ. ಒಂದೊಂದು ಕಂಪನದ ವೇಗ ಸೆಕೆಂಡಿಗೆ 20 ಸೆಂಟಿಮೀಟರಿಗೂ ಕಮ್ಮಿ. ಅದನ್ನು 15 ಕೋಟಿ ಕಿಲೋಮೀಟರ್ ದೂರದಿಂದ ಹಿಡಿಯುತ್ತಿದ್ದೀರಿ. ಯಂತ್ರಗಳ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ಅದೇ ದೊಡ್ಡ ಸದ್ದಾಗಿಬಿಡುತ್ತದೆ.

ಇದರ ಇನ್ನೊಂದು ಅರ್ಥ: ಒಂದು ಕೇಂದ್ರದಲ್ಲಿ ಏನಾದರೂ ಸುಧಾರಣೆ ಮಾಡಿದರೆ ಆರರಲ್ಲೂ ಮಾಡಬೇಕು. 2001ರಲ್ಲಿ ಗಾಂಗ್ ತನ್ನ ಕಮ್ಮಿ ಚುಕ್ಕಿಗಳ (ಪಿಕ್ಸೆಲ್) ಹಳೇ ಕ್ಯಾಮೆರಾ ಬಿಟ್ಟು 1024ಕ್ಕೆ 1024 ಚುಕ್ಕಿಗಳದ್ದಕ್ಕೆ ಬಂದಾಗ ಇಡೀ ಜಾಲಕ್ಕೇ ಬಂತು. 2010ರಲ್ಲಿ ಹೈಡ್ರೋಜನ್ ಆಲ್ಫಾ ಸೇರಿಸಿದಾಗಲೂ ಅಷ್ಟೇ.

ಹಂತ 2: ಜಾಗ ಆರಿಸುವುದು

ಇದಕ್ಕೆ ಅವಸರ ಬೇಡ. ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ, ಪ್ರತಿ ಜಾಗದಲ್ಲೂ ಸೂರ್ಯನನ್ನು ಹಿಂಬಾಲಿಸುವ ಒಂದು ಚಿಕ್ಕ ಬೆಳಕಿನ ಮಾಪಕ ಇಟ್ಟು ನಿಮಿಷ ನಿಮಿಷದ ದಾಖಲೆ ತೆಗೆಯಿರಿ. ಹವಾಮಾನ ಇಲಾಖೆಯ ಸರಾಸರಿ ಸಾಲದು. ಅವರಿಗೆ ಮಳೆ ಮುಖ್ಯ, ನಿಮಗೆ ತೆಳು ಮೋಡವೂ ಮುಖ್ಯ.

ಲೆಕ್ಕ ಹೀಗೆ. ಒಂದು ಕೇಂದ್ರದಲ್ಲಿ ಹಗಲಿನ 70 ಶೇಕಡ ಹೊತ್ತು ಬಿಸಿಲು ಅಂದುಕೊಳ್ಳಿ. ಆ ಹೊತ್ತಿನಲ್ಲಿ ಅದೊಂದೇ ಇದ್ದರೆ 30 ಶೇಕಡ ತೂತು. ಎರಡು ಕೇಂದ್ರಗಳು ಒಟ್ಟಿಗೆ ನೋಡುತ್ತಿದ್ದರೆ ಎರಡಕ್ಕೂ ಮೋಡ ಬರುವ ಸಾಧ್ಯತೆ 9 ಶೇಕಡ. ಮೂರಿದ್ದರೆ 3ಕ್ಕಿಂತ ಕಮ್ಮಿ. ಆದರೆ ಇಬ್ಬರೂ ಒಂದೇ ಮೋಡದ ಕೆಳಗಿದ್ದರೆ ಈ ಲೆಕ್ಕ ಬಿದ್ದುಹೋಗುತ್ತದೆ. ಆದ್ದರಿಂದ ಬೇರೆ ಬೇರೆ ಹವೆಯ ಜಾಗಗಳನ್ನು ಹಿಡಿಯಿರಿ. ಭೂಮಧ್ಯರೇಖೆಯ ಎರಡೂ ಕಡೆ ಇರಬೇಕು, ಇಲ್ಲದಿದ್ದರೆ ಡಿಸೆಂಬರಿನಲ್ಲಿ ಎಲ್ಲರ ಹಗಲೂ ಒಟ್ಟಿಗೆ ಚಿಕ್ಕದಾಗುತ್ತದೆ.

ರೇಖಾಂಶದ ಹಂಚಿಕೆಯನ್ನು ಕಾಗದದ ಮೇಲೆ ಬರೆದು ನೋಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗಾಂಗ್‌ನಲ್ಲಿ ಲರ್ಮಂತ್ ಮತ್ತು ಉದಯಪುರದ ನಡುವೆ 40 ಡಿಗ್ರಿ, ಅಂದರೆ ಎರಡು ಗಂಟೆ ನಲವತ್ತು ನಿಮಿಷ. ಉದಯಪುರದಿಂದ ಟೆನೆರಿಫ್‌ಗೆ 90 ಡಿಗ್ರಿ, ಆರು ಗಂಟೆ. ಮೌನಾ ಲೋವಾದಿಂದ ಲರ್ಮಂತ್‌ಗೂ ಹಾಗೇ 90. ಮಧ್ಯೆ ಬಹುಪಾಲು ಸಮುದ್ರ ಇದ್ದಾಗ ಏನು ಮಾಡುವುದು? ಹೀಗಾಗಿ ಇಡೀ ಜಾಲದಲ್ಲಿ ಈ ಎರಡು ಸಂದುಗಳೇ ಸೂಕ್ಷ್ಮ. ಈಗ ಜೂನ್ ಬರಲಿ. ಉದಯಪುರದ ಮೇಲೆ ಮುಂಗಾರು ಕವಿಯುತ್ತದೆ. ಲರ್ಮಂತ್‌ನಿಂದ ನೇರ ಟೆನೆರಿಫ್‌ಗೆ ಸೂರ್ಯನನ್ನು ದಾಟಿಸಬೇಕು, 130 ಡಿಗ್ರಿ. ಲೆಕ್ಕ ಹಾಕಿದರೆ ಜೂನ್ ಕೊನೆಯಲ್ಲಿ ಲರ್ಮಂತ್‌ನ ಸೂರ್ಯಾಸ್ತಕ್ಕೂ ಟೆನೆರಿಫ್‌ನ ಸೂರ್ಯೋದಯಕ್ಕೂ ಮೂರು ಗಂಟೆಗೂ ಜಾಸ್ತಿ ಹೊಂದಿಕೆ ಇದೆ. ಆದರೆ ದಿಗಂತದ ಹತ್ತಿರದ ಸೂರ್ಯ ಕೆಲಸಕ್ಕೆ ಬಾರದವನು. ಗಾಳಿಯ ದಪ್ಪ ಪದರದಲ್ಲಿ ಬಿಂಬ ಅದುರುತ್ತದೆ, ಚಪ್ಪಟೆಯಾಗುತ್ತದೆ. ಮೊದಲ ಮತ್ತು ಕೊನೆಯ 15 ಡಿಗ್ರಿ ಎತ್ತರ ಬಿಟ್ಟರೆ ಕೈಯಲ್ಲಿ ಉಳಿಯುವುದು ಸುಮಾರು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಯಾವ ಕಡೆ ಮೋಡ ಬಂದರೂ ಕೊಂಡಿ ಸಡಿಲ. ನಿಮ್ಮ ಜಾಲಕ್ಕೂ ತಿಂಗಳು ತಿಂಗಳಿಗೆ ಇಂಥ ಪಟ್ಟಿ ಮಾಡಿಡಿ. ಯಾವ ತಿಂಗಳಲ್ಲಿ ಯಾವ ಕೇಂದ್ರವನ್ನು ಮುಟ್ಟಲೇಬಾರದು ಅಂತ ಅದೇ ಹೇಳುತ್ತದೆ.

ನೀರಿನ ಬಗ್ಗೆ ಒಂದು ಮಾತು. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುವುದೇ ಹಗಲಿನ ದೊಡ್ಡ ಶತ್ರು. ನೀರು ನೆಲದಷ್ಟು ಬೇಗ ಕಾಯುವುದಿಲ್ಲ. ಬಿಗ್ ಬೇರ್ ಸರೋವರದೊಳಗೆ ಟೆಲಿಸ್ಕೋಪ್ ಇಟ್ಟಿದ್ದು, ಉದಯಪುರದ ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ವೀಕ್ಷಣಾಲಯ ಕಟ್ಟಿದ್ದು ಇದಕ್ಕೇ. ಇಂಥ ಜಾಗ ಸಿಕ್ಕರೆ ಸಂತೋಷ. ಇಲ್ಲದಿದ್ದರೆ ಸುತ್ತ ಕಾಂಕ್ರೀಟ್ ಹಾಕದೆ ಹುಲ್ಲು ಬಿಡಿ, ಯಂತ್ರವನ್ನು ಆದಷ್ಟು ಎತ್ತರದಲ್ಲಿಡಿ, ಕಟ್ಟಡಕ್ಕೆ ಬಿಳಿ ಬಣ್ಣ ಬಳಿಯಿರಿ.

ಹಂತ 3: ಮನೆ ಮತ್ತು ಕರೆಂಟ್

ಗಾಂಗ್ ಯಂತ್ರಗಳು ಕೂತಿರುವುದು ಹಡಗಿನ ಸರಕು ಕಂಟೇನರ್‌ಗಳಲ್ಲಿ. ಇದು ನನಗೆ ತುಂಬಾ ಹಿಡಿಸಿದ ಉಪಾಯ. ಒಂದೇ ಕಡೆ ಎಲ್ಲ ಜೋಡಿಸಿ, ಪರೀಕ್ಷಿಸಿ, ಹಾಗೇ ಹಡಗಿಗೆ ಏರಿಸಬಹುದು. ಕಂಟೇನರಿನ ಹೊರಗೆ ಎರಡು ಕನ್ನಡಿಗಳು ಸೂರ್ಯನನ್ನು ಹಿಂಬಾಲಿಸುತ್ತವೆ, ಬೆಳಕನ್ನು ಒಳಗೆ ಕಳಿಸುತ್ತವೆ. ಸೂಕ್ಷ್ಮ ಭಾಗಗಳೆಲ್ಲ ಒಳಗೆ ತಂಪಾಗಿ ನಿಶ್ಚಲವಾಗಿ ಇರುತ್ತವೆ. ಮಳೆ, ಧೂಳು, ಮಂಗ ಎಲ್ಲವೂ ಆ ಕನ್ನಡಿಗಳ ಹಂತದಲ್ಲೇ ನಿಲ್ಲಬೇಕು. ಕನ್ನಡಿ ನಿಲ್ಲುವ ಕಂಬದ ಬುನಾದಿ ಕಟ್ಟಡದ ನೆಲಕ್ಕೆ ತಗಲದೆ ಬೇರೆಯಾಗಿರಲಿ. ಇಲ್ಲದಿದ್ದರೆ ಒಳಗೆ ಯಾರಾದರೂ ನಡೆದರೆ ಸೂರ್ಯ ಕುಣಿಯುತ್ತಾನೆ.

ಕರೆಂಟಿನ ವಿಷಯಕ್ಕೆ ಬರೋಣ. ಈ ಫಿಲ್ಟರ್‌ಗಳು ಬಿಸಿಯ ಏರಿಳಿತಕ್ಕೆ ಬಹಳ ನಾಜೂಕು. ಸ್ವಲ್ಪ ಬಿಸಿ ಬದಲಾದರೂ ಬೇರೆ ಬಣ್ಣ ಬಿಡುತ್ತವೆ. ಅದಕ್ಕೆ ಅವುಗಳನ್ನು ಒಂದೇ ಬಿಸಿಯಲ್ಲಿ ಇಡುವ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಈ ಪೆಟ್ಟಿಗೆ ರಾತ್ರಿಯೂ ಆರಬಾರದು. ಆರಿದರೆ ಮತ್ತೆ ಸ್ಥಿಮಿತಕ್ಕೆ ಬರಲು ಗಂಟೆಗಟ್ಟಲೆ ಬೇಕು, ಆ ಗಂಟೆಗಳೆಲ್ಲ ತೂತು. ಹಾಗಾಗಿ ಯುಪಿಎಸ್‌ನಲ್ಲಿ ಮೊದಲ ಹಕ್ಕು ಫಿಲ್ಟರ್ ಪೆಟ್ಟಿಗೆಗೆ, ಎರಡನೆಯದು ಗಡಿಯಾರಕ್ಕೆ, ಮೂರನೆಯದು ಕನ್ನಡಿಗೆ ಮುಚ್ಚಳ ಹಾಕುವ ಮೋಟಾರಿಗೆ. ಕಂಪ್ಯೂಟರ್ ಆಮೇಲೆ. ಬಹಳ ಕಡೆ ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟಿರುತ್ತಾರೆ. ಇವತ್ತೇ ಹೋಗಿ ನೋಡಿ, ಬದಲಾಯಿಸಿ.

ಹಂತ 4: ಬೆಳಗಿನ ಕೆಲಸ

ಯಂತ್ರ ತಾನೇ ತೆರೆದು ತಾನೇ ಮುಚ್ಚುವಂತಿದ್ದರೂ ಬೆಳಿಗ್ಗೆ ಒಬ್ಬರು ಹೋಗಿ ಕಣ್ಣಾರೆ ನೋಡಬೇಕು. ಮುಚ್ಚಳದ ಮೇಲೆ ನೀರು ನಿಂತಿದೆಯೇ, ಕೇಬಲ್ ಸುತ್ತಿಕೊಂಡಿದೆಯೇ, ಕಿಟಕಿಯ ಗಾಜಿನ ಮೇಲೆ ಇಬ್ಬನಿ ಇದೆಯೇ. ಇಬ್ಬನಿ ಇದ್ದರೆ ಒರೆಸಬೇಡಿ. ರಾತ್ರಿಯ ಧೂಳು ಇಬ್ಬನಿಯ ಜೊತೆ ಸೇರಿ ಸಣ್ಣ ಮರಳಿನ ಕೆಸರಾಗಿರುತ್ತದೆ, ಒರೆಸಿದರೆ ಗಾಜು ಗೀಚಿ ಹೋಗುತ್ತದೆ. ತಾನಾಗಿ ಒಣಗಲಿ. ಆಮೇಲೆ ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಮೃದುವಾದ ಕುಂಚದಿಂದ ತೆಗೆಯಿರಿ. ಹೋಗದ ಕಲೆ ಇದ್ದರೆ ಮಾತ್ರ ಲೆನ್ಸ್ ಕಾಗದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒಂದೇ ದಿಕ್ಕಿನಲ್ಲಿ ಒಂದು ಎಳೆತ. ಆ ಕಾಗದ ಎಸೆಯಿರಿ. ಇನ್ನೊಂದು ಎಳೆತಕ್ಕೆ ಇನ್ನೊಂದು ಕಾಗದ. ಹೊರಗಿನ ಕನ್ನಡಿಗಳ ಲೋಹದ ಲೇಪವನ್ನಂತೂ ಒಣ ಬಟ್ಟೆಯಿಂದ ಮುಟ್ಟಲೇಬೇಡಿ.

ಎಷ್ಟು ದಿನಕ್ಕೊಮ್ಮೆ ಒರೆಸಬೇಕು? ಕ್ಯಾಲೆಂಡರ್ ನೋಡಿ ಒರೆಸಬೇಡಿ, ಬೆಳಕು ನೋಡಿ ಒರೆಸಿ. ದಿನಾ ಮಧ್ಯಾಹ್ನದ ಬಿಂಬದ ಸರಾಸರಿ ಬೆಳಕನ್ನು ಒಂದು ಗೆರೆಯಾಗಿ ಬರೆಯುತ್ತಾ ಹೋಗಿ. ಧೂಳು ಕೂತಂತೆ ಗೆರೆ ನಿಧಾನ ಇಳಿಯುತ್ತದೆ, ತೊಳೆದ ದಿನ ಮೇಲೆ ಹಾರುತ್ತದೆ. ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ತೊಳೆದರೂ ಮೇಲೆ ಬರದಿದ್ದರೆ ಕನ್ನಡಿಯ ಲೇಪ ಹಾಳಾಗಿದೆ ಅಂತ ಅರ್ಥ. ಮರುಲೇಪನಕ್ಕೆ ದಿನ ಗೊತ್ತು ಮಾಡಿ.

ಹಂತ 5: ಡಾರ್ಕ್, ಫ್ಲಾಟ್, ಮತ್ತು ದಿಕ್ಕು

ಡಾರ್ಕ್ ಅಂದರೆ ಬೆಳಕು ಮುಚ್ಚಿ ತೆಗೆದ ಚಿತ್ರ. ಕ್ಯಾಮೆರಾ ತಾನಾಗಿ ಎಷ್ಟು ಗುನುಗುತ್ತದೆ ಅಂತ ತಿಳಿಯುವುದಕ್ಕೆ. ದಿನಾ ತೆಗೆಯಿರಿ, ಇದರಲ್ಲಿ ಚರ್ಚೆ ಇಲ್ಲ.

ಫ್ಲಾಟ್ ಅಂದರೆ ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರ, ಕ್ಯಾಮೆರಾದ ಯಾವ ಚುಕ್ಕಿ ಬೆಳಕನ್ನು ಹೆಚ್ಚು ಕಮ್ಮಿ ತೋರಿಸುತ್ತದೆ ಅಂತ ತಿಳಿಯುವುದಕ್ಕೆ. ಇದು ಕಷ್ಟ. ರಾತ್ರಿ ಆಕಾಶ ನೋಡುವವರು ಸಂಜೆಯ ಬೆಳಗಿದ ಆಕಾಶದ ಕಡೆ ತಿರುಗಿಸಿ ಸಮನಾದ ಬೆಳಕು ಪಡೆಯುತ್ತಾರೆ. ಸೂರ್ಯನನ್ನು ನೋಡುವವರಿಗೆ ಅಷ್ಟು ಪ್ರಕಾಶದ ಸಮನಾದ ಬೆಳಕು ಎಲ್ಲಿದೆ? ಸೂರ್ಯನೇ ನಡುವೆ ಹೆಚ್ಚು ಹೊಳೆದು ಅಂಚಿಗೆ ಮಂಕಾಗುತ್ತಾನೆ. ಇದಕ್ಕೆ 1991ರಲ್ಲಿ ಕುನ್, ಲಿನ್ ಮತ್ತು ಲೊರಾಂಜ್ ಎಂಬ ಮೂವರು ಕೊಟ್ಟ ದಾರಿ ಚೆನ್ನಾಗಿದೆ. ಸೂರ್ಯನ ಬಿಂಬವನ್ನು ಕ್ಯಾಮೆರಾದ ಮೇಲೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಚಿತ್ರ ತೆಗೆಯಿರಿ. ಸೂರ್ಯನ ಅದೇ ಭಾಗ ಬೇರೆ ಬೇರೆ ಚುಕ್ಕಿಗಳ ಮೇಲೆ ಬಿದ್ದಾಗ ಬೆಳಕು ಬದಲಾದರೆ ಆ ಬದಲಾವಣೆ ಸೂರ್ಯನದಲ್ಲ, ಕ್ಯಾಮೆರಾದ್ದು. ಲೆಕ್ಕ ಕಂಪ್ಯೂಟರ್ ಮಾಡುತ್ತದೆ. ನೀವು ನೋಡಬೇಕಾದ್ದು ಒಂದೇ: ಚಿತ್ರ ತೆಗೆಯುವಾಗ ತೆಳು ಮೋಡವೂ ಹಾಯಬಾರದು.

ದಿಕ್ಕು ತಪ್ಪುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಬಿಂಬದ ಮೇಲೆ ಉತ್ತರ ಯಾವ ಕಡೆ ಅಂತ ಡಿಗ್ರಿಯ ಸಣ್ಣ ಭಾಗದಷ್ಟು ನಿಖರವಾಗಿ ಗೊತ್ತಿರಬೇಕು. ದಿನಾ ಮಾಡುವ ಪರೀಕ್ಷೆ ಸುಲಭ. ಮಧ್ಯಾಹ್ನ ಹಿಂಬಾಲಿಸುವ ಮೋಟಾರ್ ನಿಲ್ಲಿಸಿ. ಭೂಮಿ ತಿರುಗುವುದರಿಂದ ಬಿಂಬ ತಾನಾಗಿ ಪಶ್ಚಿಮಕ್ಕೆ ಜಾರುತ್ತದೆ. ಜಾರಿದ ಗೆರೆಯೇ ನಿಮ್ಮ ಪೂರ್ವಪಶ್ಚಿಮ. ಬುಧ ಗ್ರಹ ಸೂರ್ಯನ ಮುಂದೆ ಹಾಯುವ ದಿನವಂತೂ ಚಿನ್ನದಂಥ ದಿನ. ಬುಧ ಯಾವ ಕ್ಷಣದಲ್ಲಿ ಎಲ್ಲಿರುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ, ಬಿಂಬದ ಮೇಲೆ ಅದರ ಕಪ್ಪು ಚುಕ್ಕಿಯ ದಾರಿ ಅಳೆದು ಎಲ್ಲ ಕೇಂದ್ರಗಳ ದಿಕ್ಕನ್ನೂ ಸರಿಮಾಡಬಹುದು. ಮುಂದಿನದು 2032ರ ನವೆಂಬರ್ 13ಕ್ಕೆ. ಈಗಲೇ ಬರೆದಿಟ್ಟುಕೊಳ್ಳಿ.

ಇನ್ನೆರಡು ಪುಕ್ಕಟೆ ಪರೀಕ್ಷೆಗಳಿವೆ. ಸೂರ್ಯ ತನ್ನ ಸುತ್ತ ತಿರುಗುವುದರಿಂದ ಪೂರ್ವದ ಅಂಚು ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರುತ್ತದೆ, ಪಶ್ಚಿಮದ್ದು ಅಷ್ಟೇ ವೇಗದಲ್ಲಿ ದೂರ ಹೋಗುತ್ತದೆ. ನಿಮ್ಮ ವೇಗದ ನಕ್ಷೆಯಲ್ಲಿ ಇದು ಉಲ್ಟಾ ಕಂಡರೆ ಎಲ್ಲೋ ಚಿತ್ರ ಮಗುಚಿದೆ. ಇನ್ನೊಂದು, ಬಿಂಬದ ಅಗಲ. ಜನವರಿಯ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರ, ಬಿಂಬ ಸುಮಾರು 32.5 ಕಲೆ ಅಗಲ (ಒಂದು ಡಿಗ್ರಿಗೆ 60 ಕಲೆ). ಜುಲೈ ಶುರುವಿನಲ್ಲಿ 31.5. ವರ್ಷವಿಡೀ ಅಳೆದರೆ ನಯವಾದ ಅಲೆ ಬರಬೇಕು. ಮಧ್ಯೆ ಮೆಟ್ಟಿಲು ಕಂಡರೆ ಆ ದಿನ ಯಾರೋ ಫೋಕಸ್ ಮುಟ್ಟಿದ್ದಾರೆ.

ಹಂತ 6: ಗಡಿಯಾರ

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. ಪ್ರತಿ ಕೇಂದ್ರದಲ್ಲೂ ಜಿಪಿಎಸ್ ಗಡಿಯಾರ ಇರಲಿ, ಎಲ್ಲ ಚಿತ್ರಗಳೂ ಒಂದೇ ಸೆಕೆಂಡಿಗೆ ತೆಗೆಯಲ್ಪಡಲಿ. ಗಾಂಗ್‌ನ ವೇಗದ ಚಿತ್ರಗಳು ಎಲ್ಲ ಕಡೆ ಒಂದೇ ನಿಮಿಷಕ್ಕೆ ಹೊಂದಿರುತ್ತವೆ. ಹೈಡ್ರೋಜನ್ ಆಲ್ಫಾ ಚಿತ್ರಗಳನ್ನು ಮಾತ್ರ ಬೇಕಂತಲೇ ಪಕ್ಕದ ಕೇಂದ್ರಗಳ ನಡುವೆ 20 ಸೆಕೆಂಡ್ ಹಿಂದೆಮುಂದೆ ಇಟ್ಟಿದ್ದಾರೆ, ಒಟ್ಟು ಸೇರಿದಾಗ ಇನ್ನೂ ದಟ್ಟವಾಗಿ ಸಿಗಲಿ ಅಂತ. ದಾಖಲೆಯಲ್ಲಿ ಯಾವಾಗಲೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ ಬರೆಯಿರಿ. ನಮ್ಮ ಐದೂವರೆ ಗಂಟೆ ಎಲ್ಲೂ ನುಸುಳಬಾರದು. ಕ್ಯಾಲಿಫೋರ್ನಿಯಾ ಮತ್ತು ಸ್ಪೇನ್‌ನಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಹಿಂದೆಮುಂದೆ ಮಾಡುತ್ತಾರೆ, ಆ ವಾರ ಫೈಲುಗಳ ಹೆಸರನ್ನು ಒಮ್ಮೆ ಕೈಯಾರೆ ನೋಡಿ.

ಹಂತ 7: ಡೇಟಾ ಸಾಗಿಸುವುದು

ಶುರುವಿನಲ್ಲಿ ಗಾಂಗ್ ಕೇಂದ್ರಗಳು ಟೇಪ್‌ಗಳಲ್ಲಿ ತುಂಬಿ ಪಾರ್ಸೆಲ್ ಕಳಿಸುತ್ತಿದ್ದವು. ಏನಾದರೂ ಕೆಟ್ಟಿದ್ದರೆ ಪಾರ್ಸೆಲ್ ತಲುಪುವವರೆಗೂ ಕೇಂದ್ರ ಕಚೇರಿಗೆ ತಿಳಿಯುತ್ತಿರಲಿಲ್ಲ. ಈಗ ಇಂಟರ್ನೆಟ್ ಇದೆ. ಆದರೂ ಲೆಕ್ಕ ಹಾಕಿಯೇ ಮುಂದುವರಿಯಿರಿ. 1024ಕ್ಕೆ 1024 ಚುಕ್ಕಿ, ಒಂದೊಂದಕ್ಕೆ ಎರಡು ಬೈಟ್, ಅಂದರೆ ಚಿತ್ರಕ್ಕೆ 2 ಎಂಬಿ. ನಿಮಿಷಕ್ಕೆ ವೇಗ, ಬೆಳಕು, ಕಾಂತಕ್ಷೇತ್ರ ಅಂತ ಮೂರು. ಹತ್ತು ಗಂಟೆಯ ಹಗಲಿಗೆ ಸುಮಾರು 3.8 ಜಿಬಿ. ಇದರ ಮೇಲೆ 2048 ಚುಕ್ಕಿಯ ಹೈಡ್ರೋಜನ್ ಆಲ್ಫಾ ಚಿತ್ರ ನಿಮಿಷಕ್ಕೊಂದು ಸೇರಿದರೆ ಇನ್ನೂ 5 ಜಿಬಿ. ಗುಡ್ಡದ ಮೇಲಿನ ಲೈನಿಗೆ ಇದು ಭಾರ.

ಆದ್ದರಿಂದ ಎರಡು ದಾರಿ ಇಡಿ. ಕುಗ್ಗಿಸಿದ ಚಿಕ್ಕ ಚಿತ್ರ ತಕ್ಷಣ ಹೋಗಲಿ, ಬಾಹ್ಯಾಕಾಶ ಹವಾಮಾನ ಮುನ್ಸೂಚನೆಗೆ ಅದು ಸಾಕು. ಪೂರ್ತಿ ಚಿತ್ರ ರಾತ್ರಿ ನಿಧಾನ ಹೋಗಲಿ. ತಲುಪಿದ್ದು ಸರಿಯಿದೆ ಅಂತ ಚೆಕ್‌ಸಮ್ (ಫೈಲು ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಹೊಂದಿದ ಮೇಲೂ ಕೇಂದ್ರದಲ್ಲಿ ಕನಿಷ್ಠ ಎರಡು ತಿಂಗಳ ಪ್ರತಿ ಉಳಿಸಿಕೊಳ್ಳಿ. ಚಿತ್ರದ ತಲೆಬರಹದಲ್ಲಿ ಕೇಂದ್ರದ ಹೆಸರು, ಯುಟಿಸಿ, ಫಿಲ್ಟರಿನ ಬಿಸಿ, ಕನ್ನಡಿಯ ಕೋನ, ತಂತ್ರಾಂಶದ ಆವೃತ್ತಿ ಎಲ್ಲ ಬರೆದಿರಲಿ. ಇಪ್ಪತ್ತು ವರ್ಷದ ನಂತರ ಯಾರೋ ಓದುತ್ತಾರೆ. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ 1900ರ ದಶಕದಿಂದ ತೆಗೆದ ಗಾಜಿನ ಫಲಕಗಳನ್ನು ಇವತ್ತಿಗೂ ಸ್ಕ್ಯಾನ್ ಮಾಡಿ ಸಂಶೋಧನೆಗೆ ಬಳಸುತ್ತಿದ್ದಾರೆ. ಆ ಕಾಲದವರು ದಿನ, ಹೊತ್ತು ಶ್ರದ್ಧೆಯಿಂದ ಬರೆದಿಡದಿದ್ದರೆ ಅವು ಬರೀ ಗಾಜು.

ಹಂತ 8: ಪಕ್ಕದವರ ಸೂರ್ಯನ ಜೊತೆ ನಿಮ್ಮ ಸೂರ್ಯನನ್ನು ಇಟ್ಟು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಕೇಂದ್ರಗಳು ಒಟ್ಟಿಗೆ ನೋಡುವ ಹೊತ್ತಿನಲ್ಲಿ ಒಂದೇ ನಿಮಿಷದ ಎರಡು ಚಿತ್ರ ತೆಗೆದು ಕಳೆಯಿರಿ. ಉಳಿಯುವುದೆಲ್ಲ ಯಂತ್ರದ ತಪ್ಪು ಅಥವಾ ಗಾಳಿಯ ಅದುರು. ಬೇರೆ ಯಾವ ಪರೀಕ್ಷೆಯೂ ಇಷ್ಟು ನೇರವಾಗಿ ಹೇಳುವುದಿಲ್ಲ.

ನಾನು ಹಿಂದೆ ಇದ್ದ ಒಂದು ಕೇಂದ್ರದಲ್ಲಿ ಕನ್ನಡಿಗೆ ಮರುಲೇಪನ ಮಾಡಿಸಿ ಜೋಡಿಸಿದ ಮೇಲೆ ಬಿಂಬ ಎಡಬಲ ಮಗುಚಿಕೊಂಡಿತ್ತು. ಸಾಮಾನ್ಯ ಬೆಳಕಿನ ಚಿತ್ರ, ಸೂರ್ಯ ಎರಡೂ ಕಡೆ ದುಂಡಗೇ ಇರುತ್ತಾನೆ. ಫೈಲುಗಳೆಲ್ಲ ಸರಿಯಾಗಿ ಹೋಗುತ್ತಿದ್ದವು. ಕಂಪ್ಯೂಟರ್ ಎಲ್ಲ ಹಸಿರು ತೋರಿಸುತ್ತಿತ್ತು. ಹನ್ನೊಂದು ದಿನ ಹಾಗೇ ಹೋಯಿತು. ಪಕ್ಕದ ಕೇಂದ್ರದ ಒಬ್ಬ ಹುಡುಗಿ ಎರಡು ಚಿತ್ರ ಪಕ್ಕಪಕ್ಕ ಇಟ್ಟು, ನಿಮ್ಮ ಸೌರಕಲೆ ತಪ್ಪು ಅಂಚಿನಿಂದ ಹುಟ್ಟುತ್ತಿದೆಯಲ್ಲ ಸರ್ ಅಂತ ಬರೆದಳು. ಅವಳು ನೋಡದಿದ್ದರೆ ತಿಂಗಳುಗಳೇ ಹೋಗುತ್ತಿದ್ದವು. ಅಂದಿನಿಂದ ನನ್ನ ನಿಯಮ: ಯಾವುದೇ ರಿಪೇರಿಯ ನಂತರ, ಪಕ್ಕದ ಕೇಂದ್ರದವರು ಹೋಲಿಸಿ ಸರಿ ಅನ್ನುವವರೆಗೂ ಆ ದಿನಗಳ ಚಿತ್ರಕ್ಕೆ ಪರೀಕ್ಷೆ ಬಾಕಿ ಅನ್ನುವ ಗುರುತು.

ಕಾಂತಕ್ಷೇತ್ರ ಅಳೆಯುವವರಿಗೆ ಈ ಹೋಲಿಕೆ ಇನ್ನೂ ಮುಖ್ಯ. ಸೂರ್ಯನ ದೊಡ್ಡ ಭಾಗದಲ್ಲಿ ಕ್ಷೇತ್ರ ಬಹಳ ದುರ್ಬಲ. ಸೊನ್ನೆ ಎಲ್ಲಿದೆ ಅನ್ನುವುದೇ ಸ್ವಲ್ಪ ಜರುಗಿದರೆ, ಆ ಚಿಕ್ಕ ತಪ್ಪು ಇಡೀ ಬಿಂಬಕ್ಕೆ ಹರಡಿ ಸೌರಮಾರುತದ (ಸೂರ್ಯನಿಂದ ಹೊರಬೀಳುವ ಕಣಗಳ ಹರಿವು) ಲೆಕ್ಕವನ್ನೇ ಕೆಡಿಸುತ್ತದೆ.

ಹಂತ 9: ರಿಪೇರಿ, ಬಿಡಿಭಾಗ, ಜನ

ರಿಪೇರಿಯನ್ನು ಮೋಡದ ಕಾಲಕ್ಕೆ ಇಟ್ಟುಕೊಳ್ಳಿ. ಉದಯಪುರದಂಥ ಕಡೆ ಮಳೆಗಾಲವೇ ಬಿಚ್ಚಿ ತೊಳೆಯುವ ಕಾಲ. ಪಕ್ಕಪಕ್ಕದ ಎರಡು ಕೇಂದ್ರಗಳನ್ನು ಒಂದೇ ವಾರ ಮುಚ್ಚಬೇಡಿ. ಹಂತ 2ರಲ್ಲಿ ಮಾಡಿದ ಪಟ್ಟಿ ಈಗ ಗೋಡೆಯ ಮೇಲಿರಲಿ.

ಬಿಡಿಭಾಗ ಬೇಕಾದಾಗ ತರಿಸುತ್ತೇವೆ ಅಂದರೆ ಆಗುವುದಿಲ್ಲ. ಕಸ್ಟಮ್ಸ್‌ನಲ್ಲಿ ಒಂದು ಪೆಟ್ಟಿಗೆ ವಾರಗಟ್ಟಲೆ ನಿಂತರೆ ಅಷ್ಟೂ ದಿನ ತೂತು. ಫ್ಯೂಸ್, ಬೆಲ್ಟ್, ಮೋಟಾರ್, ವಿದ್ಯುತ್ ಸರಬರಾಜಿನ ಪೆಟ್ಟಿಗೆ, ಹಾರ್ಡ್ ಡಿಸ್ಕ್, ಒಂದು ಕ್ಯಾಮೆರಾ ಇಷ್ಟು ಪ್ರತಿ ಕೇಂದ್ರದಲ್ಲೂ ಇರಲಿ. ಮುಖ್ಯ ಕಚೇರಿಯಲ್ಲಿ ಪೂರ್ತಿ ಯಂತ್ರದ ಇನ್ನೊಂದು ಪ್ರತಿ ನಡೆಯುತ್ತಾ ಇರಲಿ. ಲರ್ಮಂತ್‌ನಲ್ಲಿ ಯಾವುದೋ ವಿಚಿತ್ರ ತೊಂದರೆ ಬಂದರೆ ಇಲ್ಲಿ ಅದೇ ತೊಂದರೆ ಹುಟ್ಟಿಸಿ ನೋಡಿ, ಫೋನಿನಲ್ಲಿ ಪರಿಹಾರ ಹೇಳಬಹುದು. ಒಂದು ಯಂತ್ರ ತಯಾರಕರು ನಿಂತುಹೋದರೆ ಬಿಡಿಭಾಗವೂ ನಿಲ್ಲುತ್ತದೆ, ಹಾಗಾಗಿ ಹಳೇ ಎಲೆಕ್ಟ್ರಾನಿಕ್ ಭಾಗಗಳನ್ನು ಸಿಗುವಾಗಲೇ ಕೊಂಡು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಜನರ ವಿಷಯ ಕೊನೆಗೆ ಬಂದಿದ್ದರೂ ತೂಕದಲ್ಲಿ ಮೊದಲು. ಕೇಂದ್ರದಲ್ಲಿ ದಿನಾ ಕಿಟಕಿ ಒರೆಸುವ ಸ್ಥಳೀಯ ಸಿಬ್ಬಂದಿಗೆ ಅವರ ಚಿತ್ರದಿಂದ ಏನು ತಿಳಿಯಿತು ಅಂತ ಹೇಳಿ. ತಿಂಗಳಿಗೊಮ್ಮೆಯಾದರೂ ಎಲ್ಲ ಕೇಂದ್ರದವರು ಮಾತಾಡಲಿ. ಲಾಗ್‌ಬುಕ್ ಅವರ ಭಾಷೆಯಲ್ಲೇ ಬರೆಯಲಿ, ಅನುವಾದ ಆಮೇಲೆ ಮಾಡಿಕೊಳ್ಳಬಹುದು. ಬೇರೆ ಭಾಷೆಯಲ್ಲಿ ಬರೆಯಿರಿ ಅಂದರೆ ಸಣ್ಣ ವಿಷಯಗಳನ್ನು ಬಿಟ್ಟುಬಿಡುತ್ತಾರೆ, ನಮಗೆ ಬೇಕಾದ್ದು ಆ ಸಣ್ಣ ವಿಷಯಗಳೇ.

ಹಂತ 10: ದೊಡ್ಡ ಹೊಡೆತಗಳಿಗೆ ತಯಾರಿ

1999ರ ಮಾರ್ಚ್‌ನಲ್ಲಿ ವ್ಯಾನ್ಸ್ ಚಂಡಮಾರುತ ಬಂದಾಗ ಲರ್ಮಂತ್‌ನಲ್ಲಿ ಗಂಟೆಗೆ 267 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಟೆನೆರಿಫ್‌ಗೆ ಸಹಾರಾದಿಂದ ಕಲಿಮಾ ಅನ್ನುವ ಧೂಳುಗಾಳಿ ಬರುತ್ತದೆ, ನುಣ್ಣನೆಯ ಧೂಳು ಎಲ್ಲ ಸಂದಿಗೂ ಹೋಗುತ್ತದೆ. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸಿಡಿದು, ಲಾವಾ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ಕಡಿದು ಹಾಕಿತು. ಲಾವಾ ಯಂತ್ರದವರೆಗೆ ಬರಲಿಲ್ಲ. ಆದರೂ ಕೇಂದ್ರ ನಿಂತಿತು. ಆಗ ಬಿಗ್ ಬೇರ್‌ನಿಂದ ಲರ್ಮಂತ್‌ಗೆ ಮಧ್ಯೆ ಯಾರೂ ಇಲ್ಲ, 129 ಡಿಗ್ರಿ.

ಇದರಿಂದ ಕಲಿಯಬೇಕಾದ್ದು ಇಷ್ಟು. ಒಂದು, ಕರೆಂಟ್ ಹೋದರೂ ಮುಚ್ಚಳ ತಾನಾಗಿ ಮುಚ್ಚಬೇಕು, ತೂಕದಿಂದಲೋ ಬ್ಯಾಟರಿಯಿಂದಲೋ. ಎರಡು, ಜನ ಹೋಗಲಾಗದ ತಿಂಗಳುಗಳಲ್ಲಿ ಯಂತ್ರ ಕೆಡದೆ ನಿದ್ದೆ ಮಾಡಲು ಬೇಕಾದ ತಯಾರಿ ಬರೆದಿಟ್ಟಿರಬೇಕು. ಮೂರು, ಒಂದು ಕೇಂದ್ರ ಬಿದ್ದಾಗ ಪಕ್ಕದ ಎರಡೂ ಕೇಂದ್ರಗಳು ಬೆಳಿಗ್ಗೆ ಬೇಗ ತೆರೆದು ಸಂಜೆ ತಡವಾಗಿ ಮುಚ್ಚಲಿ. ದಿಗಂತದ ಹತ್ತಿರದ ಕೆಟ್ಟ ಚಿತ್ರವೂ ಏನೂ ಇಲ್ಲದ್ದಕ್ಕಿಂತ ಮೇಲು. ಸಿಡಿಲಿಗೆ ಭೂಸಂಪರ್ಕ ಸರಿಯಾಗಿದೆಯೇ ಅಂತ ಮುಂಗಾರಿಗೆ ಮೊದಲು ಅಳೆಯಿರಿ, ನೆಟ್‌ವರ್ಕ್ ಕೇಬಲ್ ಬದಲು ಫೈಬರ್ ಹಾಕಿ.

ನಮ್ಮಲ್ಲಿ ಚಿಕ್ಕದಾಗಿ ಶುರು ಮಾಡುವುದಾದರೆ

ಕಾಲೇಜುಗಳು ಕೇಳುತ್ತಿರುತ್ತವೆ, ನಾವು ಮಾಡಬಹುದೇ ಅಂತ. ಖಂಡಿತ ಮಾಡಬಹುದು. ಭಾರತದೊಳಗೆ ಪೂರ್ವಪಶ್ಚಿಮ ಹೆಚ್ಚೆಂದರೆ ಎರಡು ಗಂಟೆಯ ವ್ಯತ್ಯಾಸ, ರಾತ್ರಿ ತುಂಬುವುದಿಲ್ಲ. ಆದರೆ ಮೋಡ ತುಂಬಬಹುದು. ಜುಲೈನಲ್ಲಿ ಮಂಗಳೂರಿನಲ್ಲಿ ಸೂರ್ಯನೇ ಕಾಣದಿದ್ದಾಗ ರಾಯಚೂರಿನಲ್ಲಿ ಆಗಾಗ ಬಿಸಿಲು ಬಿದ್ದಿರುತ್ತದೆ. ನವೆಂಬರಿನಲ್ಲಿ ತಮಿಳುನಾಡಿನ ಕರಾವಳಿಗೆ ಹಿಂಗಾರು ಹೊಡೆಯುವಾಗ ಕಲಬುರಗಿ ತಿಳಿಯಾಗಿರುತ್ತದೆ. ಕರಾವಳಿಯಲ್ಲೊಂದು, ಬಯಲುಸೀಮೆಯಲ್ಲೊಂದು, ಮೈಸೂರು ಕಡೆ ಒಂದು. ಒಂದೇ ಮಾದರಿಯ ಮೂರು ಚಿಕ್ಕ ಟೆಲಿಸ್ಕೋಪ್, ಮುಂದೆ ಭದ್ರವಾಗಿ ಕೂರುವ ಬಿಳಿಬೆಳಕಿನ ಫಿಲ್ಟರ್, ದಿನಾ ಒಂದೇ ಹೊತ್ತಿಗೆ ಚಿತ್ರ, ಸೌರಕಲೆ ಎಣಿಕೆ, ಹೋಲಿಕೆ. ಮೇಲಿನ 4ರಿಂದ 8ರವರೆಗಿನ ಹಂತಗಳನ್ನು ಹಾಗೇ ಮಾಡಿ.

ಮೋಡದ ಕಾಟವೇ ಬೇಡ ಅನ್ನುವವರಿಗೆ ರೇಡಿಯೋ ದಾರಿ ಇದೆ. ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋ ಆಂಟೆನಾಗಳು ದಶಕಗಳಿಂದ ಸೂರ್ಯನನ್ನು ಕೇಳುತ್ತಿವೆ. ಕ್ಯಾಲಿಸ್ಟೊ ಅನ್ನುವ ಅಗ್ಗದ ರೇಡಿಯೋ ಉಪಕರಣ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ ಈಗ ಜಗತ್ತಿನ ಹಲವಾರು ದೇಶಗಳಲ್ಲಿ ಒಂದೇ ಜಾಲವಾಗಿ ನಡೆಯುತ್ತಿದೆ. ಆಂಟೆನಾ ನೀವೇ ಮಾಡಿಕೊಳ್ಳಬಹುದು. ಅಲ್ಲಿ ಮೋಡದ ಬದಲು ಮೊಬೈಲ್ ಟವರ್ ಮತ್ತು ಎಫ್‌ಎಂ ಕಾಟ ಕೊಡುತ್ತವೆ, ಜಾಗ ಹುಡುಕುವ ಕೆಲಸ ಮಾತ್ರ ತಪ್ಪುವುದಿಲ್ಲ.

ಕೊನೆಯ ಹಂತ: ಸಂಜೆ

ಮುಚ್ಚುವ ಮೊದಲು ಪಶ್ಚಿಮದ ಕೇಂದ್ರದ ಇತ್ತೀಚಿನ ಚಿತ್ರ ತೆರೆದು ನೋಡಿ. ಅವರಿಗೆ ಸೂರ್ಯ ಸಿಕ್ಕಿದ್ದಾನೆಯೇ? ಸಿಕ್ಕಿದ್ದರೆ ನಿಧಾನ ಮುಚ್ಚಿ. ಮೋಡ ಇದ್ದರೆ ನಿಮ್ಮಲ್ಲಿ ಸೂರ್ಯ ಮರಗಳ ಹಿಂದೆ ಹೋಗುವವರೆಗೂ ಬಿಡಬೇಡಿ. ಡಾರ್ಕ್ ತೆಗೆಯಿರಿ. ಕನ್ನಡಿಗಳನ್ನು ಕೆಳಮುಖ ಮಾಡಿ, ಮುಚ್ಚಳ ಹಾಕಿ, ಫಿಲ್ಟರ್ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ನೋಡಿ. ಲಾಗ್‌ಬುಕ್ಕಿನಲ್ಲಿ ಬರೆಯಿರಿ: ತೆರೆದ ಹೊತ್ತು, ಮುಚ್ಚಿದ ಹೊತ್ತು, ಮೋಡ ಎಷ್ಟು, ಗಾಳಿ ಹೇಗಿತ್ತು, ಏನನ್ನಾದರೂ ಮುಟ್ಟಿದಿರಾ, ಮುಟ್ಟಿದ್ದರೆ ಎಷ್ಟು ಹೊತ್ತಿಗೆ. ಏನೂ ಆಗದ ದಿನ ಏನೂ ಆಗಲಿಲ್ಲ ಅಂತ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ.